ಮೈಲುತುತ್ತದ ಬೋರ್ಡೋ

ಚಿಕ್ಕಬಳ್ಳಾಪುರದ ಆಸುಪಾಸಿನಲ್ಲಿ ದ್ರಾಕ್ಷಿ ಚಪ್ಪರ ಹೊತ್ತು ನಿಂತಿರುವ ಕಲ್ಲುಕೂಚಗಳನ್ನು ಹತ್ತಿರದಿಂದ ನೋಡಿದವರಿಗೆ, ಅವುಗಳ ಮೈಮೇಲೆ ಮಾಸಿದ ನೀಲಿ ಕಲೆಗಳು ಕಂಡಿರುತ್ತವೆ. ಅದೇ ನೀಲಿ ತಂತಿಯ ಮೇಲೂ ಇರುತ್ತದೆ, ಎಲೆಯ ಮೇಲೂ ಇರುತ್ತದೆ, ಔಷಧಿ ಹೊಡೆದು ಮನೆಗೆ ಮರಳಿದವರ ಅಂಗಿಯ ತೋಳಿನ ಮೇಲೂ ಇರುತ್ತದೆ. ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಈ ಮದ್ದಿಗೆ ಬೋರ್ಡೋ ದ್ರಾವಣ ಎಂದು ಹೆಸರು. ಫ್ರಾನ್ಸಿನ ಬೋರ್ಡೋ ಪಟ್ಟಣವು ಲೋಕಕ್ಕೆ ತನ್ನ ವೈನಿನಿಂದ ಪರಿಚಿತವಾಗಿದ್ದರೆ, ನಮ್ಮ ಜಿಲ್ಲೆಗೆ ಅದು ಪರಿಚಿತವಾದದ್ದು ಗೊಬ್ಬರದಂಗಡಿಯ ಮೂಲಕ.

ಇದನ್ನು ತಯಾರಿಸುವ ಕ್ರಮದಲ್ಲಿ ಒಂದು ಬಗೆಯ ಮಡಿಯಿದೆ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು; ಕಬ್ಬಿಣದ ಪಾತ್ರೆಯನ್ನಂತೂ ಹತ್ತಿರ ಸೇರಿಸುವಂತಿಲ್ಲ. ಬೆರೆತ ಮೇಲೆ ಹೊಳೆಯುವ ಕುಡುಗೋಲಿನ ಅಲಗನ್ನು ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು ಅರ್ಥ. ಹಾಗೆಯೇ ಹೊಡೆದರೆ ಎಲೆ ಸುಡುತ್ತದೆ. ಶಾಲೆಯ ಮೆಟ್ಟಿಲನ್ನೇ ಹತ್ತದವರೂ ಈ ರಸಾಯನಶಾಸ್ತ್ರದ ಪರೀಕ್ಷೆಯನ್ನು ತಪ್ಪಿಲ್ಲದೆ ಮಾಡುವುದನ್ನು ನಾನು ಕಂಡಿದ್ದೇನೆ.

ವೈನಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇಂಥ ಡ್ರಮ್ಮಿನ ಬಳಿಗೆ ಬರುವುದಿಲ್ಲ. ಜಾರ್ಜಿಯಾ ದೇಶದಲ್ಲಿ ಸಿಕ್ಕ, ಸುಮಾರು 8,000 ವರ್ಷ ಹಳೆಯ ಮಡಕೆಚೂರುಗಳಲ್ಲಿ ದ್ರಾಕ್ಷಿಯ ಹುಳಿಯ ಕುರುಹು ಉಳಿದಿದ್ದುದನ್ನು ಅವರು ಹೇಳುತ್ತಾರೆ. ಈಜಿಪ್ಟಿನ ಟುಟಾಂಖಾಮನ್ ದೊರೆಯ ಸಮಾಧಿಯಲ್ಲಿ ದೊರೆತ ಜಾಡಿಗಳ ಮೇಲೆ ವರ್ಷವನ್ನೂ ತೋಟವನ್ನೂ ವೈನ್ ಮಾಡಿದವನ ಹೆಸರನ್ನೂ ಬರೆದಿದ್ದುದನ್ನು ಹೇಳುತ್ತಾರೆ. ನಮ್ಮವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದ್ರಾಕ್ಷಾರಸದ ಮದ್ಯಕ್ಕೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಮಧು’ ಎಂಬ ಹೆಸರಿರುವುದನ್ನೂ ಎತ್ತಿ ತೋರಿಸುತ್ತಾರೆ. ಎಲ್ಲವೂ ಸರಿಯೇ. ಆದರೆ ನೂರೈವತ್ತು ವರ್ಷಗಳ ಹಿಂದೆ ಈ ಸುದೀರ್ಘ ಪರಂಪರೆ ಯುರೋಪಿನಲ್ಲಿ ಹೆಚ್ಚುಕಡಿಮೆ ಕೊನೆಯುಸಿರು ಎಳೆಯುತ್ತಿತ್ತು. ಅದನ್ನು ಉಳಿಸಿದವುಗಳಲ್ಲಿ ಈ ನೀಲಿ ನೀರೂ ಒಂದು.

1860ರ ದಶಕದಲ್ಲಿ ಫ್ರಾನ್ಸಿನ ದಕ್ಷಿಣ ಭಾಗದ ಬಳ್ಳಿಗಳು ಕಾರಣ ತಿಳಿಯದೆ ಒಣಗತೊಡಗಿದವು. ಒಣಗಿದ ಬಳ್ಳಿಯನ್ನು ಕಿತ್ತು ನೋಡಿದರೆ ಬೇರಿನಲ್ಲಿ ಏನೂ ಇರುತ್ತಿರಲಿಲ್ಲ. ಅಪರಾಧಿ ಆ ಹೊತ್ತಿಗೆ ಪಕ್ಕದ ಹಸಿರು ಬಳ್ಳಿಗೆ ಹೋಗಿರುತ್ತಿತ್ತು. 1868ರಲ್ಲಿ ಸಸ್ಯಶಾಸ್ತ್ರಜ್ಞ ಪ್ಲಾಂಶೋನ್ ಮತ್ತು ಅವರ ಸಂಗಡಿಗರು ಇನ್ನೂ ಜೀವವಿದ್ದ ಬಳ್ಳಿಯ ಬೇರನ್ನು ಅಗೆದು ನೋಡಿದಾಗ, ರಸ ಹೀರುತ್ತಿದ್ದ ಫಿಲಾಕ್ಸೆರಾ ಎಂಬ ಹಳದಿ ಹೇನು ಸಿಕ್ಕಿಬಿದ್ದಿತು. ಅಮೆರಿಕದಿಂದ ತರಿಸಿದ ಬಳ್ಳಿಗಳ ಜೊತೆ ಬಂದಿದ್ದ ಕೀಟವದು. 1875ರಲ್ಲಿ ಸುಮಾರು 840 ಕೋಟಿ ಲೀಟರ್ ಇದ್ದ ಫ್ರಾನ್ಸಿನ ವೈನ್ ಉತ್ಪಾದನೆ 1889ರ ವೇಳೆಗೆ ಸುಮಾರು 230 ಕೋಟಿ ಲೀಟರಿಗೆ ಕುಸಿಯಿತು. ಕೊನೆಗೆ ಪರಿಹಾರವೂ ಅಮೆರಿಕದಿಂದಲೇ ಬರಬೇಕಾಯಿತು: ಆ ಹೇನಿನ ಜೊತೆಯಲ್ಲೇ ಬಾಳಿ ಅಭ್ಯಾಸವಿದ್ದ ಅಮೆರಿಕದ ಕಾಡುದ್ರಾಕ್ಷಿಯ ಬೇರಿಗೆ ಯುರೋಪಿನ ಕಡ್ಡಿಯನ್ನು ಕಸಿ ಕಟ್ಟಲಾಯಿತು. ಆದರೆ ಬೇರಿಗಾಗಿ ತರಿಸಿದ ಆ ಗಿಡಗಳೊಡನೆ ಮತ್ತೊಂದು ಪಿಡುಗು ಬಂದಿಳಿಯಿತು. 1878ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡ, ನಮ್ಮ ರೈತರು ಇಂದಿಗೂ ‘ಡೌನಿ’ ಎಂದೇ ಕರೆಯುವ ಬೂಜು ರೋಗವದು.

ಇಲ್ಲಿಂದ ಮುಂದಿನದು ನನಗೆ ಬಹಳ ಇಷ್ಟವಾದ ಭಾಗ, ಏಕೆಂದರೆ ಇಲ್ಲಿ ಕಳ್ಳರಿಗೂ ಒಂದು ಪಾತ್ರವಿದೆ. 1882ರ ಅಕ್ಟೋಬರಿನಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಮಿಲಾರ್ಡೆ ಅವರು ಮೆಡಾಕ್ ಪ್ರಾಂತದ ಸೇಂಟ್ ಜೂಲಿಯನ್ ಎಂಬಲ್ಲಿ ನಡೆದುಹೋಗುತ್ತಿದ್ದಾಗ, ರೋಗ ಬಡಿದು ಎಲೆಯುದುರಿದ ತೋಟದಲ್ಲಿ ದಾರಿಯ ಅಂಚಿನ ಸಾಲುಗಳು ಮಾತ್ರ ಸೊಂಪಾಗಿ ನಿಂತಿದ್ದುದನ್ನು ಕಂಡರು. ವಿಚಾರಿಸಿದಾಗ, ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲೆಂದು ಆ ಸಾಲುಗಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚುವ ರೂಢಿಯಿದೆಯೆಂದು ತಿಳಿಯಿತು. ಮಿಲಾರ್ಡೆ ಅವರು ಪ್ರಯೋಗಗಳನ್ನು ನಡೆಸಿ 1885ರಲ್ಲಿ ದ್ರಾವಣದ ಪ್ರಮಾಣವನ್ನು ಪ್ರಕಟಿಸಿದರು. ಕಳ್ಳರೇ ಇಲ್ಲದ ಸೀಮೆಯಾಗಿದ್ದರೆ ಈ ಮದ್ದು ಸಿಗುವುದು ಇನ್ನೆಷ್ಟು ತಡವಾಗುತ್ತಿತ್ತೋ! ಚಪ್ಪರದ ಅಂಚಿನ ಗೊಂಚಲು ಕಿತ್ತು ಬೈಸಿಕೊಂಡ ಯಾವ ಹುಡುಗನಿಗೂ ಅಂದು ಈ ಸಮರ್ಥನೆ ಗೊತ್ತಿರಲಿಲ್ಲ, ನನಗಂತೂ ಗೊತ್ತಿರಲಿಲ್ಲ.

ನಂದಿಯ ತಪ್ಪಲಿಗೆ ಈ ಮದ್ದು ಏಕೆ ಬೇಕು ಎಂಬುದನ್ನು ಇಲ್ಲಿನ ಹವೆಯೇ ಹೇಳುತ್ತದೆ. ಚಳಿಗಾಲದಲ್ಲಿ ಎಲೆಯುದುರಿಸಿ ಮಲಗುವ ಸುಖ ಫ್ರಾನ್ಸಿನ ಬಳ್ಳಿಗಿದೆ, ನಮ್ಮದಕ್ಕಿಲ್ಲ. ಅದನ್ನು ವರ್ಷಕ್ಕೆ ಎರಡು ಸಲ ಸವರಿ, ಎರಡು ಸಲ ಚಿಗುರಿಸಬೇಕು. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಸವರಿದ ಮೇಲೆ ಬರುವ ಎಳೆಯ ಚಿಗುರಿಗೆ ಹಿಂಗಾರು ಮಳೆಯೂ ಬೆಳಗಿನ ಇಬ್ಬನಿಯೂ ಒಟ್ಟಿಗೆ ಎದುರಾಗುತ್ತವೆ. ಎಲೆಯ ಒದ್ದೆ ಆರದ ನಾಲ್ಕು ದಿನ ಸಾಕು, ಅಡಿಯಲ್ಲಿ ಬಿಳಿಯ ಬೂಜು ಹಾಸಿಕೊಳ್ಳುತ್ತದೆ. ಬೆಂಗಳೂರಿನಿಂದ ವಾರಾಂತ್ಯಕ್ಕೆ ಬಂದವರು ಬೆಟ್ಟದ ಮೇಲೆ ನಿಂತು ಮಂಜನ್ನು ಹೊಗಳುವಾಗ ಕೆಳಗಿನ ತೋಟದವನು ಅದೇ ಮಂಜನ್ನು ಶಪಿಸುತ್ತಿರುತ್ತಾನೆ.

ನಮ್ಮ ಸೀಮೆಯ ಬೆಂಗಳೂರು ಬ್ಲೂ ದ್ರಾಕ್ಷಿಯ ವಂಶವೂ ಈ ಕಥೆಗೆ ಹೊರಗಿನದಲ್ಲ. ದಪ್ಪ ಸಿಪ್ಪೆಯ, ಬೀಜದ, ಹುಳಿಮಿಶ್ರಿತ ಸಿಹಿಯ ಈ ಹಣ್ಣಿನಲ್ಲಿ ಅಮೆರಿಕದ ಲಾಬ್ರುಸ್ಕ ದ್ರಾಕ್ಷಿಯ ರಕ್ತವಿದೆ. ಆ ವಂಶದಿಂದ ಬಂದ ಗಾಢ ಪರಿಮಳವನ್ನು ವೈನ್ ಪಂಡಿತರು ಮೂಗು ಮುರಿದು ‘ನರಿವಾಸನೆ’ ಎನ್ನುತ್ತಾರೆ. ಇದೇ ವಂಶದ ಇಸಬೆಲ್ಲಾ ಮೊದಲಾದ ಕೆಲವು ತಳಿಗಳನ್ನು 1930ರ ದಶಕದಲ್ಲಿ ಫ್ರಾನ್ಸ್ ನಿಷೇಧಿಸಿತು. ಬೇರಿನಲ್ಲಿ ಅಮೆರಿಕ ಆಗಬಹುದು, ಹಣ್ಣಿನಲ್ಲಿ ಕೂಡದು ಎಂಬ ಈ ಶಿಷ್ಟಾಚಾರ ನನಗೆ ಕೊಂಚ ಕೃತಘ್ನತೆಯಂತೆಯೇ ತೋರುತ್ತದೆ. ಹಾಗೆಂದು ನಮ್ಮ ಹಣ್ಣಿನ ಪರವಾಗಿ ಸುಳ್ಳು ಹೇಳಲಾರೆ. ಚಿಬ್ಬು ರೋಗವನ್ನು ಅದು ತಡೆದುಕೊಳ್ಳುತ್ತದೆಯಾದರೂ ಡೌನಿಯ ಮುಂದೆ ಸೋಲುತ್ತದೆ. ಅದರ ವೈನಿನಲ್ಲಿ ಹಣ್ಣಿನ ರಸದ ಗುಣವೇ ಮುಂದಾಗಿರುವುದರಿಂದ, ಸಿಹಿಯಾದ ಪೋರ್ಟ್ ಮಾದರಿಯ ವೈನಿಗೆ ಒಗ್ಗಿದಷ್ಟು ಸಿಹಿಯುಳಿಯದ ಒಣ (ಡ್ರೈ) ವೈನಿಗೆ ಅದು ಒಗ್ಗುವುದಿಲ್ಲ. 1988ರಲ್ಲಿ ಕನ್ವಲ್ ಗ್ರೋವರ್ ಅವರು ನಂದಿಬೆಟ್ಟದ ಮಗ್ಗುಲಿಗಿರುವ ದೊಡ್ಡಬಳ್ಳಾಪುರದ ಕಡೆ ವೈನ್ ಉದ್ಯಮ ಕಟ್ಟುವಾಗ ಫ್ರೆಂಚ್ ತಳಿಗಳನ್ನು ತರಿಸಿದ್ದಕ್ಕೆ ಕಾರಣವಿತ್ತು.

ಆದರೂ ಡಿಸೆಂಬರ್ ಹತ್ತಿರವಾದಾಗ, ಕೆಜಿಎಫ್ ಕಡೆಯ ಕ್ರೈಸ್ತ ಮನೆಗಳಲ್ಲಿ ಭರಣಿಗೆ ಬೀಳುವುದು ನಮ್ಮ ಕಪ್ಪು ದ್ರಾಕ್ಷಿಯೇ ಹೊರತು ಶಿರಾಜ್‌ನಂಥ ಫ್ರೆಂಚ್ ತಳಿಯಲ್ಲ. ನನ್ನ ಸ್ನೇಹಿತರೊಬ್ಬರ ತಾಯಿ ಗೊಂಚಲು ಬಿಡಿಸಿ, ನೀಲಿ ಚುಕ್ಕೆ ಕಂಡ ಹಣ್ಣನ್ನು ಮತ್ತೆ ಮತ್ತೆ ತೊಳೆದು, ಬಟ್ಟೆಯ ಮೇಲೆ ಹರವಿ ಪೂರ್ತಿ ಆರಿಸಿದ ಮೇಲೆಯೇ ಸಕ್ಕರೆ, ಚಕ್ಕೆ, ಯೀಸ್ಟ್ ಹಾಕಿ ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಅವರ ಮಟ್ಟಿಗೆ ಇದು ಶುಚಿಯ ಮಾತು. ತಾಮ್ರ ಹೆಚ್ಚಾದರೆ ಯೀಸ್ಟ್ ಸೊರಗಿ ಹುದುಗು ನಿಲ್ಲುತ್ತದೆಂಬ ಕಾರಣಕ್ಕೆ ದೊಡ್ಡ ವೈನರಿಗಳೂ ಕೊಯ್ಲು ಹತ್ತಿರವಾದಂತೆ ಮೈಲುತುತ್ತ ಹೊಡೆಯುವುದನ್ನು ನಿಲ್ಲಿಸುತ್ತವೆ ಎಂದು ನಾನು ಒಮ್ಮೆ ವಿವರಿಸಿದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ಹಾಗಾದರೆ ಇನ್ನೊಂದು ಸಲ ತೊಳೆಯಿರಿ ಎಂದು ಬುಟ್ಟಿಯನ್ನು ನನ್ನ ಕೈಗೇ ಕೊಟ್ಟರು.