ಹಾಲಿನ ರೇಟು ತೀರ್ಮಾನ ಆಗೋದು ಪುಡಿಯಲ್ಲಿ

ವಿದೇಶಿ ವ್ಯಾಪಾರ ಒಪ್ಪಂದದ ಸುದ್ದಿ ಬಂದಾಗಲೆಲ್ಲ ಬೆಂಗಳೂರಿನಲ್ಲಿ ಒಂದು ಮಾತು ಕೇಳಿಬರುತ್ತೆ: ನ್ಯೂಜಿಲೆಂಡ್ ಬೆಣ್ಣೆ, ಚೀಸ್ ಅಗ್ಗಕ್ಕೆ ಬಂದರೆ ಬರಲಿ ಬಿಡಿ, ಪ್ಯಾಕೆಟ್ ಹಾಲನ್ನೇನು ಹಡಗಲ್ಲಿ ತರ್ತಾರಾ? ಹಾಲು ತರಲ್ಲ, ನಿಜ. ತರೋದು ಕೆನೆ ತೆಗೆದ ಹಾಲಿನ ಪುಡಿ. ಡೇರಿ ಲೆಕ್ಕ ಬಲ್ಲವರು ಹೆದರೋದು ಅದಕ್ಕೇ.

ಶೇ 3.5 ಫ್ಯಾಟ್, 8.5 ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಇರೋ 100 ಲೀಟರ್ ಹಸುವಿನ ಹಾಲಿನಿಂದ ನಾಲ್ಕು ಕೆಜಿ ಮೇಲೆ ಚೂರು ಬೆಣ್ಣೆ, ಎಂಟೂವರೆಯಿಂದ ಒಂಬತ್ತು ಕೆಜಿ ಪುಡಿ ಬರುತ್ತೆ. ಅಗ್ಗದ ಪುಡಿ ಹೊರಗಿಂದ ಬಂದು ಇಲ್ಲಿನ ಪುಡಿ ದರ ಕೆಜಿಗೆ 50 ರೂಪಾಯಿ ಇಳಿಯಿತು ಅಂದುಕೊಳ್ಳಿ. 100 ಲೀಟರಿಗೆ 425 ರೂಪಾಯಿಗೂ ಹೆಚ್ಚು ಖೋತಾ, ಅಂದರೆ ಲೀಟರಿಗೆ ನಾಲ್ಕೂಕಾಲು. ರಾಜ್ಯ ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ಬಹುಪಾಲು ಅಲ್ಲಿಗೇ ಚುಕ್ತಾ. ಎಲ್ಲ ಹಾಲೂ ಪುಡಿ ಆಗಲ್ಲ. ಆದರೆ ಮಾರಾಟವಾಗದೆ ಉಳಿದ ಹಾಲಿಗೆ ಅದು ಬಿಟ್ಟರೆ ದೊಡ್ಡ ದಾರಿ ಇಲ್ಲ, ಅದರ ನಷ್ಟವನ್ನು ಒಕ್ಕೂಟ ಕೊನೆಗೆ ಎಲ್ಲ ಉತ್ಪಾದಕರ ದರದಲ್ಲೇ ಹೊಂದಿಸಬೇಕು.

2024ರ ಜೂನ್‌ನಲ್ಲಿ ಕೆಎಂಎಫ್ ಸಂಗ್ರಹ ದಿನಕ್ಕೆ 1 ಕೋಟಿ ಲೀಟರ್ ಹತ್ತಿರ ಹೋಗಿತ್ತು. ಪ್ಯಾಕೆಟಿಗೆ 50 ಎಂಎಲ್ ಜಾಸ್ತಿ ತುಂಬಿ 2 ರೂಪಾಯಿ ಏರಿಸಿದ್ದು ಆಗಲೇ. ನಗರದವರು ಬೈದದ್ದು ಸಹಜ. ಆದರೆ ಪುಡಿ ಘಟಕಕ್ಕೆ ಹೋಗಬೇಕಿದ್ದ ಹಾಲನ್ನು ಗ್ರಾಹಕರ ಮನೆಗೇ ದಾಟಿಸಿದ ಜಾಣ ಲೆಕ್ಕ ಅದು. 2025ರ ಏಪ್ರಿಲ್‌ನಲ್ಲಿ ಆ 50 ಎಂಎಲ್ ಹೋಯ್ತು, ಲೀಟರಿಗೆ 4 ರೂಪಾಯಿ ಏರಿತು. ಅದಿರಲಿ.

ಪುಡಿ ಮೇಲಿನ ಶೇ 60 ಆಮದು ಸುಂಕ ಇರಲೇಬೇಕು. 2019ರ ನವೆಂಬರ್‌ನಲ್ಲಿ ಆರ್‌ಸಿಇಪಿ ಅನ್ನೋ ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದದ ಮಾತುಕತೆ ಬಿಟ್ಟು ಬಂದದ್ದು, 2022ರ ಆಸ್ಟ್ರೇಲಿಯಾ ಮತ್ತು 2025ರ ಬ್ರಿಟನ್ ಒಪ್ಪಂದಗಳಲ್ಲಿ ಹಾಲನ್ನು ಹೊರಗಿಟ್ಟದ್ದು ಸರಿ. ನ್ಯೂಜಿಲೆಂಡ್ ತನ್ನ ಹಾಲಿನಲ್ಲಿ ಶೇ 95ರಷ್ಟನ್ನು ರಫ್ತು ಮಾಡುತ್ತೆ. ಅಲ್ಲಿ ಒಂದೊಂದು ಫಾರ್ಮಿನಲ್ಲಿ ನೂರಾರು ಹಸು, ಮೇವು ಬಹುಪಾಲು ಹುಲ್ಲುಗಾವಲಿನದ್ದೇ. ಮಾಗಡಿ, ಕನಕಪುರ ಕಡೆ ಎರಡು-ಮೂರು ಹಸು ಕಟ್ಟಿ, ಬೂಸಾ-ಹಿಂಡಿ ದುಡ್ಡು ಕೊಟ್ಟು ತಂದು ಹಾಕೋರು ಆ ದರಕ್ಕೆ ಹಾಲು ಕರೆಯೋಕಾಗಲ್ಲ.

ನನ್ನ ತಕರಾರು ಬೇರೆ. ಜಗತ್ತಿನ ಹಾಲಿನಲ್ಲಿ ಹೆಚ್ಚುಕಮ್ಮಿ ಕಾಲುಭಾಗ ನಮ್ಮದು, ರಫ್ತು ನೋಡಿದರೆ ಲೆಕ್ಕಕ್ಕೇ ಇಲ್ಲ. ಉಳಿದ ಪುಡಿಯನ್ನು ಹೊರಗೆ ಮಾರೋಣ ಅಂದರೆ ದರದ ಜೊತೆ ಗುಣಮಟ್ಟವೂ ಅಡ್ಡ ಬರುತ್ತೆ. ದನಗಳ ಕಾಲುಬಾಯಿ ಜ್ವರ ರಫ್ತಿಗೆ ಅಡ್ಡಿ ಅನ್ನೋದು ಎಲ್ಲರಿಗೂ ಗೊತ್ತು. ಬೂಷ್ಟಿನಿಂದ ಬರೋ ಅಫ್ಲಾಟಾಕ್ಸಿನ್ ಅನ್ನೋ ವಿಷದ ಬಗ್ಗೆ ಮಾತಾಡೋರು ಕಮ್ಮಿ. ಮಳೆಗಾಲದಲ್ಲಿ ಕಡಲೆಕಾಯಿ ಹಿಂಡಿ, ಜೋಳದ ಮೂಟೆಗಳನ್ನು ಬರಿ ನೆಲದ ಮೇಲೆ ಗೋಡೆಗೊರಗಿಸಿ ಇಡ್ತಾರೆ. ತಳದ ಮೂಟೆಗೆ ತೇವ ಹತ್ತಿ ಬೂಷ್ಟು ಹಿಡಿಯುತ್ತೆ. ಮೇಲಿನ ಬೂಷ್ಟು ಉದುರಿಸಿ ಕಲಗಚ್ಚಿಗೆ ಕಲಸಿಬಿಟ್ಟರೆ ವಿಷ ಹೋಗಲ್ಲ. ಹಸು ತಿಂದ ಅಫ್ಲಾಟಾಕ್ಸಿನ್ ಬಿ1 ಅದರ ಪಿತ್ತಜನಕಾಂಗದಲ್ಲಿ ಎಂ1 ಅನ್ನೋ ಇನ್ನೊಂದು ರೂಪವಾಗಿ ಹಾಲಿಗೆ ಇಳಿಯುತ್ತೆ. ಕುದಿಸಿದರೂ ಹೋಗಲ್ಲ, ಪುಡಿ ಮಾಡಿದರೂ ಹೋಗಲ್ಲ. ನಮ್ಮಲ್ಲಿ ಹಾಲಿನ ಎಂ1 ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ, ಯುರೋಪಿನಲ್ಲಿ 0.05. ಹಳ್ಳಿ ಸಂಘದಲ್ಲಿ ದಿನಾ ನೋಡೋ ಫ್ಯಾಟು, ಲ್ಯಾಕ್ಟೋಮೀಟರ್ ಡಿಗ್ರಿಯಲ್ಲಿ ಇದು ಕಾಣೋದೇ ಇಲ್ಲ.

ಬ್ಯಾಕ್ಟೀರಿಯಾದ್ದೂ ಇದೇ ಪಾಡು. ಕರೆದಾಗ 37 ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಹೆಚ್ಚೇ ಬಿಸಿ ಇರೋ ಹಾಲು ಮೂರು-ನಾಲ್ಕು ತಾಸಿನೊಳಗೆ 4 ಡಿಗ್ರಿಗೆ ಇಳಿಯಬೇಕು. ಮುಚ್ಚಳದ ರಬ್ಬರ್ ಬಿಚ್ಚಿ ತೊಳೆಯದ ಒಂದು ಕ್ಯಾನ್ ಸಾಕು, ಊರ ಹಾಲನ್ನೆಲ್ಲ ಒಟ್ಟಿಗೆ ತಣಿಸೋ ಬಿಎಂಸಿ (ಬಲ್ಕ್ ಮಿಲ್ಕ್ ಕೂಲರ್) ಟ್ಯಾಂಕಿನ ಹಾಲೆಲ್ಲ ಕೆಡೋಕೆ. ಶುದ್ಧವಾಗಿ ಕರೆದವನಿಗೂ ಹೇಗೋ ಕರೆದವನಿಗೂ ಒಂದೇ ರೇಟು ಕೊಟ್ಟರೆ ಯಾರು ರಬ್ಬರ್ ಬಿಚ್ಚಿ ತೊಳೀತಾರೆ ಹೇಳಿ.

ಹಾಗಾಗಿ ಪ್ರೋತ್ಸಾಹಧನದಲ್ಲಿ ಒಂದು ರೂಪಾಯಿಯನ್ನಾದರೂ ಶುದ್ಧತೆಗೆ ಕಟ್ಟಬೇಕು. ಎಂ1 ಸ್ಟ್ರಿಪ್ ಪರೀಕ್ಷೆ ಬಿಎಂಸಿಯಲ್ಲೇ ಆಗಬೇಕು, ಮಳೆಗಾಲದಲ್ಲಿ ವಾರವಾರವೂ. ಫೇಲಾದರೆ ಟ್ಯಾಂಕ್ ಚೆಲ್ಲಿ ಸುಮ್ಮನಾಗಬಾರದು. ಮಾರನೇ ದಿನ ಮನೆಮನೆಯ ಹಾಲು ಬೇರೆಬೇರೆ ನೋಡಿ, ಯಾವ ಅಂಗಡಿಯ ಯಾವ ಲಾಟ್ ಹಿಂಡಿ ಅಂತ ಪತ್ತೆ ಮಾಡಿ, ಆ ಲಾಟ್ ವಾಪಸ್ ಕಳಿಸಬೇಕು.