‘ಉತ್ಸವ್’: ಕಂಬಳಿಯ ಗೋಡೆಗೆ ಸಾಟಿಯಾಗದ ಸೆಟ್ಟು

ಗಿರೀಶ ಕಾರ್ನಾಡರು ನಿರ್ದೇಶಿಸಿದ ‘ಉತ್ಸವ್’ ಚಿತ್ರವನ್ನು ಮೊನ್ನೆ ಮತ್ತೊಮ್ಮೆ ನೋಡಿದೆ. 1984ರ ಈ ಹಿಂದಿ ಚಿತ್ರದ ನಿರ್ಮಾಪಕರು ಶಶಿ ಕಪೂರ್. ಮೂಲ, ಶೂದ್ರಕನ ಹತ್ತು ಅಂಕಗಳ ಸಂಸ್ಕೃತ ಪ್ರಕರಣ (ಕಲ್ಪಿತ ಕಥೆಯ ನಾಟಕ) ‘ಮೃಚ್ಛಕಟಿಕ’, ಅಂದರೆ ಮಣ್ಣಿನ ಗಾಡಿ; ಬಡವನಾದ ಚಾರುದತ್ತ ಮತ್ತು ಗಣಿಕೆ ವಸಂತಸೇನೆಯರ ಪ್ರೇಮಕಥೆ. ನಾಟಕದ ಒಳಹೊರಗನ್ನು ಬಲ್ಲ ನಮ್ಮವರೊಬ್ಬರ ಕೆಲಸವೆಂಬ ಅಭಿಮಾನ ಇದ್ದೇ ಇದೆ. ಆದರೂ ಮೊದಲ ಸಲದ ನಿರಾಸೆ ಈ ಸಲ ಕಡಿಮೆಯಾಗುವ ಬದಲು ಹೆಚ್ಚಾಯಿತು.

ಈ ನಾಟಕವನ್ನು ನಾನು ಮೊದಲು ಕಂಡದ್ದು ನಮ್ಮ ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ, ಹವ್ಯಾಸಿ ತಂಡವೊಂದರ ಪ್ರಯೋಗದಲ್ಲಿ. ಇಬ್ಬರು ಹುಡುಗರು ಎತ್ತಿ ಹಿಡಿದ ಕರಿಕಂಬಳಿಯೇ ಚಾರುದತ್ತನ ಮನೆಯ ಗೋಡೆ. ಕಳ್ಳ ಶರ್ವಿಲಕ ಅದರ ಮುಂದೆ ನಿಂತು, ಕನ್ನವನ್ನು ಅರಳಿದ ಕಮಲದಂತೆ ಕೊರೆಯಲೋ, ಸೂರ್ಯನಂತೆಯೋ, ಬಾಲಚಂದ್ರನಂತೆಯೋ ಎಂದು ಲೆಕ್ಕ ಹಾಕಿ, ಕೊನೆಗೆ ಪೂರ್ಣಕುಂಭವೇ ಸರಿಯೆಂದು ನಿಶ್ಚಯಿಸಿದ. ಅಳತೆಯ ದಾರ ಮರೆತು ಬಂದದ್ದು ನೆನಪಾಗಿ ಜನಿವಾರವನ್ನೇ ಹಿಡಿದು ಅಳೆಯತೊಡಗಿದಾಗ, ನನ್ನ ಹಿಂದೆ ಕುಳಿತಿದ್ದ ಹಿರಿಯರೊಬ್ಬರು “ಕಳ್ಳಗೂ ಶಾಸ್ತ್ರ ಬೇಕು ನೋಡ್ರಿ” ಎಂದು ನಕ್ಕರು. ಬೆಳಗಾದ ಮೇಲೆ ಚಾರುದತ್ತ ಆ ಕನ್ನದ ಕುಸುರಿಯನ್ನು ಮೆಚ್ಚುತ್ತಾನೆ; ದೊಡ್ಡ ಮನೆಯೆಂದು ನಂಬಿ ಬಂದವನು ಪಾಪ ಬರಿಗೈಲಿ ಹೋದನಲ್ಲ ಎಂದು ನೊಂದುಕೊಳ್ಳುತ್ತಾನೆ. ಅವನ ಬಡತನವೂ ಔದಾರ್ಯವೂ ಆ ಒಂದೇ ಮಾತಿನಲ್ಲಿ ನಮಗೆ ತಿಳಿದುಹೋಗಿತ್ತು.

ಚಿತ್ರದಲ್ಲಿ ನನಗೆ ಸಿಗದೆ ಹೋದದ್ದು ಈ ಬಡತನ. ಶೇಖರ್ ಸುಮನ್ ಅವರ ಚಾರುದತ್ತ ದರಿದ್ರನೆಂದು ಬೇರೆಯವರು ಹೇಳಿದರಷ್ಟೇ ಗೊತ್ತಾಗುತ್ತದೆ, ಏಕೆಂದರೆ ದೀಪದ ಬೆಳಕು, ರೇಷ್ಮೆ, ವಸಂತಸೇನೆಯಾದ ರೇಖಾ ಅವರ ಮೈತುಂಬಿದ ಒಡವೆ ಇವುಗಳ ನಡುವೆ ಅವನ ಮನೆಯೂ ಚಿತ್ರಪಟದಷ್ಟೇ ಚೆಂದವಾಗಿ ಕಾಣುತ್ತದೆ. ಮಣ್ಣಿನ ಗಾಡಿ ಹೆಸರಿನಿಂದಲೇ ಹೊರಟುಹೋಗಿದೆ. ಅದರ ಜಾಗಕ್ಕೆ ಬಂದದ್ದು ಉತ್ಸವ. ಕಳ್ಳನ ಪಾತ್ರದಲ್ಲಿ ನಮ್ಮ ಶಂಕರ್ ನಾಗ್ ಇದ್ದಾರೆಂದು ಆಸೆಯಿಂದ ಕಾದಿದ್ದ ನನಗೆ ಅವರ ಪಾಲು ಸಾಲಲಿಲ್ಲ. (ಶಂಕರಣ್ಣನ ಅಭಿಮಾನಿಗೆ ಎಷ್ಟಿದ್ದರೂ ಸಾಲದು, ಅದು ಬೇರೆ ಮಾತು.) ಮೂಲದಲ್ಲಿಲ್ಲದ, ‘ಕಾಮಸೂತ್ರ’ ಬರೆದ ವಾತ್ಸ್ಯಾಯನನಾಗಿ ಅಮ್ಜದ್ ಖಾನ್ ಮೊದಮೊದಲು ನಗಿಸುತ್ತಾರಾದರೂ, ಬರಬರುತ್ತಾ ಕಥೆಯ ಎಳೆಯನ್ನು ಕಡಿಯುತ್ತಾರೆ.

ಒಂದು ಕಡೆ ಮಾತ್ರ ಕಾರ್ನಾಡರು ಶೂದ್ರಕನನ್ನೂ ಮೀರಿದ್ದಾರೆ. ನಾಟಕದಲ್ಲಿ ಚಾರುದತ್ತನ ಹೆಂಡತಿ ಮತ್ತು ವಸಂತಸೇನೆ ಮುಖಾಮುಖಿಯಾಗುವುದು ಕೊನೆಯ ಅಂಕದಲ್ಲಿ. ಚಿತ್ರದಲ್ಲಿ ಅವರಿಬ್ಬರೂ ಗೆಳತಿಯರಾಗುತ್ತಾರೆ; ಲತಾ ಮತ್ತು ಆಶಾ ಹಾಡಿದ ಯುಗಳಗೀತೆಯ ಆ ಸನ್ನಿವೇಶವನ್ನು ನಾನು ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದೆ.

ಅಂತ್ಯವನ್ನಂತೂ ಒಪ್ಪಲಾಗಲಿಲ್ಲ. ನಾಟಕದಲ್ಲಿ ಚಾರುದತ್ತ ರಾಜನ ಭಾವಮೈದುನನೂ ಖಳನೂ ಆದ ಸಂಸ್ಥಾನಕನನ್ನು ಕ್ಷಮಿಸುತ್ತಾನೆ, ವಸಂತಸೇನೆ ಚಾರುದತ್ತನ ಮನೆ ಸೇರುತ್ತಾಳೆ. ಚಿತ್ರದಲ್ಲಿ ಅವಳು ತನ್ನ ಮನೆಗೇ ಮರಳಿ, ತನ್ನ ಕತ್ತು ಹಿಸುಕಿದ್ದ ಆ ಸಂಸ್ಥಾನಕನನ್ನೇ ಒಳಗೆ ಬಿಟ್ಟುಕೊಳ್ಳುತ್ತಾಳೆ. ಯೋಚನೆ ದಿಟ್ಟವಾದದ್ದೇ. ಆದರೆ ಅಲ್ಲಿಯವರೆಗೂ ಸಂಸ್ಥಾನಕನ ಪಾತ್ರದ ಶಶಿ ಕಪೂರರನ್ನು ಕೋಡಂಗಿಯಂತೆ ಕುಣಿಸಿದ ಚಿತ್ರ, ಅವಳು ಬಾಗಿಲು ತೆರೆದದ್ದು ಕರುಣೆಯಿಂದಲೋ, ದಣಿವಿನಿಂದಲೋ, ಬೇರೆ ದಾರಿ ಕಾಣದೆಯೋ ಎಂದು ಕೇಳಿಕೊಳ್ಳುವಷ್ಟೂ ಪುರುಸೊತ್ತು ಕೊಡದೆ ಮುಗಿದುಹೋಗುತ್ತದೆ.