ಗಡಿಯಾಚೆಯ ಟ್ರಾನ್ಸ್‌ಮಿಟರ್, ಹೇಗ್‌ನ ದಾವೆ

ಡಿಸೆಂಬರ್ 19 ಬಂತೆಂದರೆ ವಾಸ್ಕೋ, ಮಡಗಾಂವ್ ಕಡೆಯ ನಮ್ಮ ಕನ್ನಡ ಗುಂಪುಗಳಲ್ಲಿ ಒಂದೇ ಮಾತು: 1961ರಲ್ಲಿ ನಮ್ಮ ಸೇನೆ 36 ಗಂಟೆಯಲ್ಲಿ ಪೋರ್ಚುಗೀಸರಿಂದ ಗೋವಾ ಬಿಡಿಸಿತು. ಸುಳ್ಳಲ್ಲ. ಆದರೆ ಅದಕ್ಕೆ ಆರು ವರ್ಷ ನೆಲ ಹದ ಮಾಡಿದವರ ಹೆಸರೇ ಬರುವುದಿಲ್ಲ, ಅದೇ ನನ್ನ ತಕರಾರು.

1955ರ ನವೆಂಬರಿನಲ್ಲಿ ಗೋವಾ ಬಿಡುಗಡೆಯ ಹೋರಾಟಗಾರರಾದ ವಾಮನ ಸರದೇಸಾಯಿ, ಲಿಬಿಯಾ ಲೋಬೊ ಗುಪ್ತ ರೇಡಿಯೋ ಶುರು ಮಾಡಿದರು. ಮೊದಲು ಗಡಿಯಾಚೆ ಮಹಾರಾಷ್ಟ್ರದ ಕಡೆಯ ಅಂಬೋಲಿ ಕಾಡು, ಆಮೇಲೆ ನಮ್ಮ ಉತ್ತರ ಕನ್ನಡದ ಕ್ಯಾಸಲ್‌ರಾಕ್. ಪ್ರಸಾರ ಕೊಂಕಣಿ, ಪೋರ್ಚುಗೀಸ್ ಎರಡರಲ್ಲೂ. ಗಡಿಯಾಚೆಗೇ ಯಾಕೆ ಹೋಗಬೇಕಿತ್ತು? ಪ್ರಸಾರ ಮಾಡಿದ ಕ್ಷಣದಿಂದ ಟ್ರಾನ್ಸ್‌ಮಿಟರ್ ತನ್ನ ಜಾಗ ತಾನೇ ಬಿಟ್ಟುಕೊಡುತ್ತದೆ. ಲೂಪ್ ಆಂಟೆನಾ ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಸದ್ದು ಅಡಗುತ್ತದೆ, ದಿಕ್ಕು ಸಿಕ್ಕಿತು. ಎರಡು ಕಡೆ ಹೀಗೆ ಅಳೆದು ನಕ್ಷೆಯ ಮೇಲೆ ಗೆರೆ ಎಳೆದರೆ, ಗೆರೆ ಕೂಡಿದಲ್ಲಿ ಪೊಲೀಸರು ಹಾಜರು. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಯವರ ಗುಪ್ತ ರೇಡಿಯೋ, ಮುಂಬೈಯ ಕಾಂಗ್ರೆಸ್ ರೇಡಿಯೋ, ಜಾಗ ಬದಲಿಸುತ್ತಲೇ ಇದ್ದರೂ ಆಗಸ್ಟ್ ಕೊನೆಯಿಂದ ನವೆಂಬರ್ 12ರವರೆಗಷ್ಟೇ ಬಾಳಿತು. ಅದರದು 42.34 ಮೀಟರ್ ತರಂಗ. ಸರಿಯಾದ ಅರ್ಧತರಂಗದ ಆಂಟೆನಾಕ್ಕೆ ಸುಮಾರು 20 ಮೀಟರ್ ತಂತಿ ಬೇಕು. ಊರ ನಡುವೆ ಅದನ್ನೆಲ್ಲಿ ಬಚ್ಚಿಡುವುದು! (ಕೊನೆಗೆ ಹಿಡಿಸಿಕೊಟ್ಟವನು ಒಳಗಿನ ತಂತ್ರಜ್ಞನೇ, ಅದು ಬೇರೆ ಮಾತು.) ಕ್ಯಾಸಲ್‌ರಾಕ್‌ನಲ್ಲಿ ಗೆರೆ ಕೂಡಿದರೂ ಭಾರತದ ನೆಲದಲ್ಲೇ ಕೂಡಬೇಕು. ಪೋರ್ಚುಗೀಸ್ ಪೊಲೀಸರು ಅಲ್ಲಿಗೆ ಬರುವಂತಿಲ್ಲ. ಅದಕ್ಕೇ 1961ರವರೆಗೆ ನಡೆಯಿತು.

ಗಡಿ ದಾಟುವ ಹಕ್ಕಿನ ಜಗಳ ಹೇಗ್‌ನಲ್ಲೂ ನಡೆದಿತ್ತು. 1954ರಲ್ಲಿ ಭಾರತದ ನೆಲದ ನಡುವಿದ್ದ ಪೋರ್ಚುಗೀಸ್ ತುಂಡುಗಳಾದ ದಾದ್ರಾ, ನಗರ ಹವೇಲಿ ಕೈತಪ್ಪಿದಾಗ ಪೋರ್ಚುಗೀಸ್ ಪಡೆಗೆ ಭಾರತ ದಾರಿ ಬಿಡಲಿಲ್ಲ. ಪೋರ್ಚುಗಲ್ ವಿಶ್ವಸಂಸ್ಥೆ ಸೇರಿದ್ದು 1955ರ ಡಿಸೆಂಬರ್ 14ಕ್ಕೆ; 22ಕ್ಕೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ! ಆಧಾರ, ಮರಾಠರ ಜೊತೆಗಿನ 1779ರ ಪುಣೆ ಒಪ್ಪಂದ. ಭಾರತದ ಪರ ಆಗಿನ ಅಟಾರ್ನಿ ಜನರಲ್, ಮುಂಬೈಯ ಎಂ.ಸಿ. ಸೆಟಲ್ವಾಡ್ ವಾದಿಸಿದರು. ಮರಾಠರು ಕೊಟ್ಟದ್ದು ವರ್ಷಕ್ಕೆ 12,000 ರೂಪಾಯಿ ಹುಟ್ಟುವಳಿಯ ಸರಂಜಾಮು (ಕಂದಾಯ ಪಡೆಯುವ ಹಕ್ಕು), ಸಾರ್ವಭೌಮತ್ವವಲ್ಲ ಎಂದಿತು ಕೋರ್ಟು. 1960ರ ಏಪ್ರಿಲ್ 12ರ ತೀರ್ಪು: ಸಾಮಾನ್ಯ ಜನ, ಅಧಿಕಾರಿಗಳು, ಸರಕಿಗೆ ದಾರಿಯ ಹಕ್ಕಿತ್ತು, ಸೇನೆ, ಸಶಸ್ತ್ರ ಪೊಲೀಸರಿಗೆ ಇರಲಿಲ್ಲ, ಭಾರತದ್ದು ತಪ್ಪಿಲ್ಲ.

ಆದರೆ ನನ್ನ ಲೆಕ್ಕದಲ್ಲಿ ಇದಕ್ಕಿಂತ ತೂಕದ್ದು ಅದೇ ವರ್ಷದ ಡಿಸೆಂಬರ್ 15ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅಂಗೀಕರಿಸಿದ ನಿರ್ಣಯ 1542. ಪೋರ್ಚುಗಲ್ 1951ರಲ್ಲೇ ಸಂವಿಧಾನ ತಿದ್ದಿ ವಸಾಹತುಗಳಿಗೆ 'ಸಾಗರೋತ್ತರ ಪ್ರಾಂತ್ಯ' ಎಂದು ಹೆಸರಿಟ್ಟು ಕೂತಿತ್ತು. ಅದನ್ನೊಪ್ಪದೆ ವಿಶ್ವಸಂಸ್ಥೆ ಗೋವಾವನ್ನು ಹೆಸರಿಸಿಯೇ ಸ್ವಯಮಾಡಳಿತವಿಲ್ಲದ ಪ್ರದೇಶಗಳ ಪಟ್ಟಿಗೆ ಸೇರಿಸಿತು. 1961ರ ಡಿಸೆಂಬರ್ 18ರಂದು ಭದ್ರತಾ ಮಂಡಳಿಯಲ್ಲಿ ಕದನವಿರಾಮ, ಸೇನೆ ವಾಪಸಾತಿ ಕೇಳಿದ ಪಾಶ್ಚಾತ್ಯರ ನಿರ್ಣಯಕ್ಕೆ ಪರ 7, ವಿರುದ್ಧ 4. ಸೋವಿಯತ್ ವೀಟೋ ಎಲ್ಲರಿಗೂ ಗೊತ್ತು. ಸಿಲೋನ್, ಲೈಬೀರಿಯಾ, ಸಂಯುಕ್ತ ಅರಬ್ ಗಣರಾಜ್ಯದ (ಈಜಿಪ್ಟ್) ಮೂರು ಮತ ಜೊತೆಗಿರದಿದ್ದರೆ ಆ ವೀಟೋ ಬರೀ ಅಮೆರಿಕ-ರಷ್ಯಾ ಜಗಳವಾಗಿ ಉಳಿಯುತ್ತಿತ್ತು.